ವೈಫೈ ಭದ್ರತೆ, ವೆಪ್‌ನಿಂದ ಡಬ್ಲ್ಯುಪಿಎ3ರವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ರೂಟರ್‌ನಲ್ಲಿ ನಾಲ್ಕೈದು ಆಯ್ಕೆಗಳು ಕಾಣುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು?

ನಿಮ್ಮ ಜಾಲಕ್ಕೆ ಸೇರುವ ಎಲ್ಲ ಸಾಧನಗಳಲ್ಲೂ ಡಬ್ಲ್ಯುಪಿಎ3 ಸೌಲಭ್ಯವಿದ್ದರೆ ‘ಡಬ್ಲ್ಯುಪಿಎ3 ಪರ್ಸನಲ್’ ಒಂದನ್ನೇ ಆರಿಸಿ. ಒಂದೆರಡು ಹಳೆಯ ಸಾಧನಗಳಿದ್ದರೆ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎಂಬ ಮಿಶ್ರ ಆಯ್ಕೆ ಸಾಕು. ಆದರೆ ಆಗ ಪಾಸ್‌ವರ್ಡ್ ಉದ್ದವಾಗಿರಲೇಬೇಕು; ಅದರ ಕಾರಣ ಮುಂದಿದೆ. ರೂಟರೇ ಹಳೆಯದಾಗಿದ್ದರೆ ‘ಡಬ್ಲ್ಯುಪಿಎ2 ಪರ್ಸನಲ್’ ಜೊತೆಗೆ ‘ಎಇಎಸ್’ (ಒಂದು ಗೂಢಲಿಪಿ ವಿಧಾನದ ಹೆಸರು) ಎಂದಿರುವುದನ್ನು ಆರಿಸಿ. ‘ವೆಪ್’, ‘ಡಬ್ಲ್ಯುಪಿಎ’, ‘ಟಿಕೆಐಪಿ’ ಎಂಬ ಹೆಸರುಗಳು ಒಂಟಿಯಾಗಿ ಕಂಡರೂ ಬೇರೊಂದರ ಜೊತೆ ಸೇರಿ ಕಂಡರೂ ಅವುಗಳನ್ನು ಮುಟ್ಟಬೇಡಿ.

ತಂತಿಯ ಜಾಲಕ್ಕೆ ಇಲ್ಲದ ಈ ಏರ್ಪಾಡು ನಿಸ್ತಂತು ಜಾಲಕ್ಕೆ ಮಾತ್ರ ಏಕೆ ಬೇಕು?

ತಂತಿಯಲ್ಲಿ ಹರಿಯುವ ಮಾಹಿತಿಯನ್ನು ಕದ್ದು ಕೇಳಬೇಕಾದರೆ ಆ ತಂತಿಯವರೆಗೆ ಹೋಗಬೇಕು. ರೇಡಿಯೊ ತರಂಗಕ್ಕೆ ಗೋಡೆ, ಬೇಲಿಗಳ ಹಂಗಿಲ್ಲ. ವ್ಯಾಪ್ತಿಯೊಳಗೆ ನಿಂತ ಯಾರೇ ಆದರೂ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಅದರಲ್ಲಿ ಸಾಗುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಹಿಡಿದಿಟ್ಟುಕೊಳ್ಳಬಹುದು, ಮತ್ತು ಹಾಗೆ ಹಿಡಿದವರ ಸುಳಿವು ನಿಮಗೆ ಸಿಗುವುದಿಲ್ಲ. ಆದ್ದರಿಂದ ನಿಸ್ತಂತು ಜಾಲದ ಭದ್ರತಾ ಪ್ರೋಟೊಕಾಲ್ ಮೂರು ಕೆಲಸಗಳನ್ನು ಮಾಡಬೇಕಾಗುತ್ತದೆ: ಸೇರಲು ಬಂದವರು ಅರ್ಹರೇ ಎಂದು ಪರೀಕ್ಷಿಸುವುದು, ಹರಿಯುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವುದು, ದಾರಿಯಲ್ಲಿ ಯಾರೂ ಅದನ್ನು ತಿದ್ದಿಲ್ಲವೆಂದು ಖಾತರಿಪಡಿಸಿಕೊಳ್ಳುವುದು. ವೆಪ್, ಡಬ್ಲ್ಯುಪಿಎ, ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎಂಬ ನಾಲ್ಕು ತಲೆಮಾರಿನ ಪ್ರೋಟೊಕಾಲ್‌ಗಳನ್ನು ಹೋಲಿಸುವಾಗ ಈ ಮೂರರಲ್ಲಿ ಯಾವುದು ಎಲ್ಲಿ ಸೋತಿತು ಎಂದು ನೋಡುವುದೇ ಸರಿಯಾದ ಕ್ರಮ.

ಈ ಹೆಸರುಗಳನ್ನು ಯಾರು ಇಟ್ಟರು? 802.11ಐ ಎಂಬುದೂ ಡಬ್ಲ್ಯುಪಿಎ2 ಎಂಬುದೂ ಒಂದೆಯೇ?

ಬಹುಮಟ್ಟಿಗೆ ಒಂದೇ. ತಾಂತ್ರಿಕ ಮಾನದಂಡವನ್ನು ಬರೆಯುವುದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ. ಆ ಮಾನದಂಡದಂತೆ ತಯಾರಾದ ಸಾಧನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ತಯಾರಕರ ಒಕ್ಕೂಟವಾದ ವೈಫೈ ಅಲಯನ್ಸ್. 802.11ಐ ಎಂಬುದು ವೈಫೈಯ ಮಾನದಂಡವಾದ 802.11ಕ್ಕೆ ಐಇಇಇ 2004ರಲ್ಲಿ ಅಂಗೀಕರಿಸಿದ ತಿದ್ದುಪಡಿಯ ಹೆಸರು, ಡಬ್ಲ್ಯುಪಿಎ2 ಎಂಬುದು ಅದನ್ನು ಆಧರಿಸಿ ಅಲಯನ್ಸ್ ನೀಡುವ ಪ್ರಮಾಣಪತ್ರದ ಹೆಸರು.

ವೆಪ್ ಏಕೆ ಸೋತಿತು?

1997ರ ಮೂಲ 802.11 ಮಾನದಂಡದಲ್ಲೇ ವೆಪ್ ಇತ್ತು. ತಂತಿಯ ಜಾಲದಲ್ಲಿರುವಷ್ಟು ಗೋಪ್ಯತೆಯನ್ನು ಒದಗಿಸುವುದು ಅದರ ಘೋಷಿತ ಉದ್ದೇಶ. ಆರ್‌ಸಿ4 ಎಂಬ ಗೂಢಲಿಪಿ ವಿಧಾನವನ್ನು ಅದು ಬಳಸುತ್ತಿತ್ತು. ಆರ್‌ಸಿ4 ಮಾದರಿಯ ವಿಧಾನಗಳಿಗೆ ಒಂದು ಕಡ್ಡಾಯ ನಿಯಮವಿದೆ: ಒಂದೇ ಕೀಲಿಯಿಂದ ಎರಡು ಸಂದೇಶಗಳನ್ನು ಮುಚ್ಚಬಾರದು. ಈ ನಿಯಮವನ್ನು ಪಾಲಿಸಲು ವೆಪ್ ಪ್ರತಿ ಪ್ಯಾಕೆಟ್‌ಗೂ 24 ಬಿಟ್‌ಗಳ ಒಂದು ಬದಲಾಗುವ ಸಂಖ್ಯೆಯನ್ನು ಪಾಸ್‌ವರ್ಡಿನ ಮುಂದೆ ಜೋಡಿಸುತ್ತಿತ್ತು. 24 ಬಿಟ್ ಎಂದರೆ ಸುಮಾರು 1.67 ಕೋಟಿ ಸಂಖ್ಯೆಗಳು. ಕೇಳಲು ಇದು ದೊಡ್ಡದಾದರೂ, ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸುವಾಗ ಸುಮಾರು 5,000 ಪ್ಯಾಕೆಟ್‌ಗಳು ದಾಟುವ ಹೊತ್ತಿಗೇ ಎರಡು ಪ್ಯಾಕೆಟ್‌ಗಳಿಗೆ ಒಂದೇ ಸಂಖ್ಯೆ ಬರುವ ಸಂಭವ ಅರ್ಧಕ್ಕರ್ಧ. ಕೆಲಸದಲ್ಲಿರುವ ಜಾಲದಲ್ಲಿ 5,000 ಪ್ಯಾಕೆಟ್ ಎಂಬುದು ಕೆಲವೇ ಕ್ಷಣಗಳ ಮಾತು.

ಇದಕ್ಕಿಂತ ದೊಡ್ಡ ಪೆಟ್ಟು 2001ರಲ್ಲಿ ಬಿತ್ತು. ಸ್ಕಾಟ್ ಫ್ಲೂರರ್, ಇಟ್ಸಿಕ್ ಮಾಂಟಿನ್ ಮತ್ತು ಆದಿ ಶಮೀರ್ ಎಂಬ ಮೂವರು ಗೂಢಲಿಪಿ ತಜ್ಞರು, ಆ ಬದಲಾಗುವ ಸಂಖ್ಯೆಗಳಲ್ಲಿ ಕೆಲವು ದುರ್ಬಲವಾದವೆಂದೂ, ಅಂಥವು ಸಾಕಷ್ಟು ಸಿಕ್ಕರೆ ಮೂಲ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದೆಂದೂ ತೋರಿಸಿಕೊಟ್ಟರು. 2005ರಲ್ಲಿ ಅಮೆರಿಕದ ಎಫ್‌ಬಿಐ ಅಧಿಕಾರಿಗಳು ಯಾರಿಗೂ ಸಿಗುವ ತಂತ್ರಾಂಶಗಳನ್ನೇ ಬಳಸಿ ಸಾರ್ವಜನಿಕ ಸಭೆಯೊಂದರಲ್ಲಿ ವೆಪ್ ಜಾಲವನ್ನು ಸುಮಾರು ಮೂರು ನಿಮಿಷಗಳಲ್ಲಿ ಭೇದಿಸಿದರು. 2007ರಲ್ಲಿ ಎರಿಕ್ ಟ್ಯೂಸ್, ರಾಲ್ಫ್-ಫಿಲಿಪ್ ವೈನ್‌ಮನ್ ಮತ್ತು ಆಂಡ್ರೆ ಪಿಶ್ಕಿನ್ ಆ ಅವಧಿಯನ್ನು ಒಂದು ನಿಮಿಷದೊಳಕ್ಕೆ ಇಳಿಸಿದರು. ಅವರ ವಿಧಾನಕ್ಕೆ 40,000 ಪ್ಯಾಕೆಟ್‌ಗಳು ಸಿಕ್ಕರೆ ಯಶಸ್ಸಿನ ಸಂಭವ ಶೇ 50ರಷ್ಟಿತ್ತು.

ಮಾಹಿತಿಯನ್ನು ತಿದ್ದಿಲ್ಲವೆಂದು ಖಾತರಿ ಕೊಡುವ ಭಾಗವೂ ಹುಸಿಯಾಗಿತ್ತು. ಅದಕ್ಕಾಗಿ ಬಳಸಿದ ಸಿಆರ್‌ಸಿ-32 ಎಂಬುದು ಪ್ರಸಾರದಲ್ಲಿ ಆಕಸ್ಮಿಕವಾಗಿ ಆಗುವ ದೋಷಗಳನ್ನು ಪತ್ತೆ ಮಾಡುವ ಲೆಕ್ಕವೇ ಹೊರತು, ಬೇಕೆಂದೇ ತಿದ್ದುವವರನ್ನು ತಡೆಯುವಂಥದ್ದಲ್ಲ. ಕೀಲಿ ಗೊತ್ತಿಲ್ಲದವರೂ ಪ್ಯಾಕೆಟ್ಟಿನ ಬಿಟ್‌ಗಳನ್ನು ಬದಲಿಸಿ, ಸಿಆರ್‌ಸಿಯನ್ನು ಅದಕ್ಕೆ ಹೊಂದುವಂತೆ ಸರಿಪಡಿಸಿ ಕಳುಹಿಸಬಹುದಾಗಿತ್ತು.

128 ಬಿಟ್ ವೆಪ್ ಆದರೂ ಸುರಕ್ಷಿತವಲ್ಲವೇ?

ಅಲ್ಲ. ಅದರಲ್ಲಿ ನಿಜವಾದ ಕೀಲಿ 104 ಬಿಟ್. ಉಳಿದ 24 ಬಿಟ್ ಎಲ್ಲರಿಗೂ ಕಾಣುವಂತೆ ಹೋಗುವ ಆ ಬದಲಾಗುವ ಸಂಖ್ಯೆಯೇ. ಮೇಲೆ ಹೇಳಿದ 2007ರ ದಾಳಿ ನಡೆದದ್ದು ಈ ‘ಬಲವಾದ’ ಬಗೆಯ ಮೇಲೆಯೇ. ಮೊದಲಿನ 40 ಬಿಟ್‌ಗಳ ಕೀಲಿಗೆ ಅಮೆರಿಕದ ರಫ್ತು ನಿರ್ಬಂಧಗಳು ಕಾರಣವಾಗಿದ್ದವು. ನಿರ್ಬಂಧ ಸಡಿಲವಾದ ಮೇಲೆ ಕೀಲಿ ಉದ್ದವಾಯಿತು, ಆದರೆ ರಚನೆಯೊಳಗಿನ ದೋಷ ಹಾಗೆಯೇ ಉಳಿಯಿತು.

ಇಷ್ಟು ಹಳೆಯ ವಿಷಯವನ್ನು ಇಂದಿಗೂ ಏಕೆ ಎತ್ತಬೇಕು?

ದೋಷ ಬಯಲಾಗುವುದಕ್ಕೂ ದೋಷವಿರುವ ವಸ್ತು ಬಳಕೆಯಿಂದ ಹೋಗುವುದಕ್ಕೂ ನಡುವೆ ವರ್ಷಗಳೇ ಹಿಡಿಯುತ್ತವೆ, ಮತ್ತು ನಷ್ಟವಾಗುವುದು ಆ ನಡುವಿನ ಅವಧಿಯಲ್ಲಿ. ಐಇಇಇ 2004ರಲ್ಲೇ ವೆಪ್ ಅನ್ನು ಕೈಬಿಡಬೇಕೆಂದು ಹೇಳಿತ್ತು. ಆದರೆ ಟಿಜೆಎಕ್ಸ್ ಎಂಬ ಅಮೆರಿಕದ ಚಿಲ್ಲರೆ ಮಾರಾಟ ಕಂಪನಿಯ ಮಳಿಗೆಗಳಲ್ಲಿ ಅದು ಆಮೇಲೂ ಬಳಕೆಯಲ್ಲಿತ್ತು. ಆ ದಾರಿಯಿಂದ ಒಳನುಗ್ಗಿದ ಕಳ್ಳರು ನಾಲ್ಕೂವರೆ ಕೋಟಿಗೂ ಹೆಚ್ಚು ಕಾರ್ಡುಗಳ ವಿವರಗಳನ್ನು ದೋಚಿದ್ದು 2007ರಲ್ಲಿ ಬೆಳಕಿಗೆ ಬಂತು. ಕಾರ್ಡ್ ಪಾವತಿ ಉದ್ಯಮದ ಭದ್ರತಾ ನಿಯಮಗಳು ವೆಪ್ ಬಳಕೆಯನ್ನು ಪೂರ್ತಿಯಾಗಿ ನಿಷೇಧಿಸಿದ್ದು 2010ರ ಜೂನ್ 30ರ ನಂತರ. ಮುಂದಿನ ಪ್ರೋಟೊಕಾಲ್‌ಗಳ ಕಥೆಯಲ್ಲೂ ಇದೇ ತೊಡಕು ಬೇರೆ ಬೇರೆ ರೂಪದಲ್ಲಿ ಬರುತ್ತದೆ: ಹೊಸದನ್ನು ತರುವುದು ಸುಲಭ, ಹಳೆಯದಕ್ಕೆ ಬಾಗಿಲು ಮುಚ್ಚುವುದು ಕಷ್ಟ.

ಡಬ್ಲ್ಯುಪಿಎ ಮತ್ತು ಟಿಕೆಐಪಿ ಎಂದರೇನು?

ಅದೊಂದು ತಾತ್ಕಾಲಿಕ ತೇಪೆ, ಮತ್ತು ಅದನ್ನು ರೂಪಿಸಿದವರೂ ಅದನ್ನು ಹಾಗೆಯೇ ಕಂಡಿದ್ದರು. ವೆಪ್ ಮುರಿದುಬಿದ್ದಾಗ ಲಕ್ಷಾಂತರ ಸಾಧನಗಳು ಆಗಲೇ ಬಳಕೆಯಲ್ಲಿದ್ದವು. ಅವುಗಳ ಚಿಪ್ಪುಗಳಿಗೆ ಆರ್‌ಸಿ4 ಬಿಟ್ಟು ಬೇರೇನೂ ಗೊತ್ತಿರಲಿಲ್ಲ. 802.11ಐ ಸಿದ್ಧವಾಗುವವರೆಗೆ ಕಾಯಲಾಗದೆ, ಅದರ ಕರಡಿನ ಒಂದು ಭಾಗವನ್ನು ತೆಗೆದುಕೊಂಡು ವೈಫೈ ಅಲಯನ್ಸ್ 2003ರಲ್ಲಿ ಡಬ್ಲ್ಯುಪಿಎ ಹೊರತಂದಿತು. ಹಳೆಯ ಯಂತ್ರಾಂಶದ ಮೇಲೆಯೇ ತಂತ್ರಾಂಶದ ಪರಿಷ್ಕರಣೆಯಿಂದ ಅದು ಓಡಬಲ್ಲದಾಗಿತ್ತು. ಅದರ ತಿರುಳೇ ಟಿಕೆಐಪಿ. ಪ್ರತಿ ಪ್ಯಾಕೆಟ್‌ಗೂ ಅದು ಹೊಸ ಕೀಲಿಯನ್ನು ಕಲಸಿ ತಯಾರಿಸುತ್ತಿತ್ತು, ಬದಲಾಗುವ ಸಂಖ್ಯೆಯನ್ನು 48 ಬಿಟ್‌ಗಳಿಗೆ ಏರಿಸಿತು, ಮತ್ತು ಸಿಆರ್‌ಸಿಯ ಜೊತೆಗೆ ‘ಮೈಕೆಲ್’ ಎಂಬ ಪರಿಶೀಲನಾ ವಿಧಾನವನ್ನು ಸೇರಿಸಿತು.

ಹಳೆಯ ಚಿಪ್ಪುಗಳ ದುರ್ಬಲ ಗಣನ ಸಾಮರ್ಥ್ಯಕ್ಕೆ ಹೊಂದಬೇಕಾಗಿದ್ದರಿಂದ ಮೈಕೆಲ್ ಕೂಡ ದುರ್ಬಲವಾಗಿಯೇ ಉಳಿಯಿತು. ಆ ಕೊರತೆಯನ್ನು ತುಂಬಲು ಒಂದು ವಿಚಿತ್ರ ನಿಯಮ ಮಾಡಲಾಯಿತು: ಒಂದು ನಿಮಿಷದೊಳಗೆ ಎರಡು ಪ್ಯಾಕೆಟ್‌ಗಳು ಪರಿಶೀಲನೆಯಲ್ಲಿ ಸೋತರೆ ಜಾಲ ಮುಂದಿನ ಒಂದು ನಿಮಿಷ ಕೆಲಸ ನಿಲ್ಲಿಸಬೇಕು. ದಾಳಿಕೋರನನ್ನು ತಡೆಯುವ ಈ ನಿಯಮವೇ, ಜಾಲವನ್ನು ಸ್ಥಗಿತಗೊಳಿಸಬೇಕೆಂದಿರುವ ದಾಳಿಕೋರನ ಆಯುಧವೂ ಆಗುತ್ತಿತ್ತು. 2008ರಲ್ಲಿ ಮಾರ್ಟಿನ್ ಬೆಕ್ ಮತ್ತು ಎರಿಕ್ ಟ್ಯೂಸ್ ಟಿಕೆಐಪಿಯ ಮೇಲೆ ಮೊದಲ ಪ್ರಾಯೋಗಿಕ ದಾಳಿಯನ್ನು ತೋರಿಸಿದರು. ಅದರಿಂದ ಕೀಲಿ ಸಿಗುತ್ತಿರಲಿಲ್ಲ, ಆದರೆ ಸಣ್ಣ ಪ್ಯಾಕೆಟ್‌ಗಳನ್ನು ಓದಿ ನಕಲಿ ಪ್ಯಾಕೆಟ್‌ಗಳನ್ನು ತೂರಿಸಬಹುದಾಗಿತ್ತು. 2012ರ ಪರಿಷ್ಕೃತ ಮಾನದಂಡದಲ್ಲಿ ಟಿಕೆಐಪಿಯನ್ನೂ ಕೈಬಿಡಬೇಕಾದವುಗಳ ಸಾಲಿಗೆ ಸೇರಿಸಲಾಯಿತು. ತೇಪೆಯೆಂಬ ದೃಷ್ಟಿಯಿಂದ ನೋಡಿದರೆ ಟಿಕೆಐಪಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು ಎನ್ನಬೇಕು. ಅದನ್ನು ಶಾಶ್ವತವೆಂದು ಭಾವಿಸಿದ್ದು ಬಳಕೆದಾರರ ತಪ್ಪು.

ಡಬ್ಲ್ಯುಪಿಎ2 ಯಾವ ರೀತಿಯಲ್ಲಿ ಬೇರೆ?

2004ರಲ್ಲಿ ಬಂದ ಡಬ್ಲ್ಯುಪಿಎ2 ಆರ್‌ಸಿ4ರ ಸಹವಾಸವನ್ನೇ ಬಿಟ್ಟು ಎಇಎಸ್ ಎಂಬ, ಇಂದಿಗೂ ಯಾರೂ ಪ್ರಾಯೋಗಿಕವಾಗಿ ಭೇದಿಸದ ಗೂಢಲಿಪಿಯನ್ನು 128 ಬಿಟ್‌ಗಳ ಕೀಲಿಯೊಂದಿಗೆ ಅಳವಡಿಸಿಕೊಂಡಿತು. ಎಇಎಸ್ ಅನ್ನು ಬಳಸುವ ಕ್ರಮಕ್ಕೆ ಸಿಸಿಎಂಪಿ ಎಂದು ಹೆಸರು. ಮಾಹಿತಿಯನ್ನು ಮುಚ್ಚುವ ಕೆಲಸ ಮತ್ತು ತಿದ್ದುಪಡಿಯನ್ನು ಪತ್ತೆ ಮಾಡುವ ಕೆಲಸ ಎರಡನ್ನೂ ಅದು ಒಂದೇ ಗಟ್ಟಿ ಅಡಿಪಾಯದ ಮೇಲೆ ನಿರ್ವಹಿಸುತ್ತದೆ. 2006ರ ಮಾರ್ಚ್‌ನಿಂದ ವೈಫೈ ಪ್ರಮಾಣಪತ್ರ ಬೇಕೆಂಬ ಪ್ರತಿ ಹೊಸ ಸಾಧನದಲ್ಲೂ ಇದು ಕಡ್ಡಾಯವಾಯಿತು.

ರೂಟರ್‌ಗೂ ಸಾಧನಕ್ಕೂ ನಡುವೆ ‘ನಾಲ್ಕು ಹಂತದ ಹ್ಯಾಂಡ್‌ಶೇಕ್’ ನಡೆಯುತ್ತದೆ. ಪಾಸ್‌ವರ್ಡನ್ನು ಗಾಳಿಯಲ್ಲಿ ಕಳುಹಿಸದೆಯೇ, ಇಬ್ಬರಿಗೂ ಅದು ಗೊತ್ತಿದೆ ಎಂಬುದನ್ನು ನಾಲ್ಕು ಸಂದೇಶಗಳಲ್ಲಿ ಪರಸ್ಪರ ದೃಢಪಡಿಸಿಕೊಂಡು, ಆ ಸಂಪರ್ಕಕ್ಕೆ ಮಾತ್ರ ಅನ್ವಯಿಸುವ ತಾತ್ಕಾಲಿಕ ಕೀಲಿಯನ್ನು ಇಬ್ಬರೂ ತಮ್ಮ ತಮ್ಮಲ್ಲೇ ತಯಾರಿಸಿಕೊಳ್ಳುತ್ತಾರೆ. ವಿನ್ಯಾಸ ಅಚ್ಚುಕಟ್ಟಾಗಿದೆ, ಆದರೆ ಇದರಲ್ಲಿ ಎರಡು ಬಿರುಕುಗಳಿವೆ, ಮುಂದಿನ ಪ್ರಶ್ನೆಗಳಲ್ಲಿ ಅವು ಬರುತ್ತವೆ.

ಎಇಎಸ್ ಅಷ್ಟು ಗಟ್ಟಿಯಾಗಿದ್ದರೆ ಡಬ್ಲ್ಯುಪಿಎ2 ಜಾಲದ ಪಾಸ್‌ವರ್ಡ್ ‘ಒಡೆದರು’ ಎಂದು ಹೇಗೆ ಹೇಳುತ್ತಾರೆ?

ಎಇಎಸ್ ಅನ್ನು ಯಾರೂ ಒಡೆಯುವುದಿಲ್ಲ, ಪಾಸ್‌ವರ್ಡನ್ನು ಊಹಿಸುತ್ತಾರೆ. ದಾಳಿಕೋರ ಹ್ಯಾಂಡ್‌ಶೇಕ್‌ನ ಸಂದೇಶಗಳನ್ನು ಒಮ್ಮೆ ಹಿಡಿದುಕೊಂಡರೆ ಸಾಕು. ಆಮೇಲೆ ಆತ ನಿಮ್ಮ ಜಾಲದ ಹತ್ತಿರ ಇರಬೇಕಾಗಿಲ್ಲ. ಎಲ್ಲೋ ಕುಳಿತು ಒಂದೊಂದೇ ಪಾಸ್‌ವರ್ಡನ್ನು ಊಹಿಸಿ, ಅದರಿಂದ ಹುಟ್ಟುವ ಕೀಲಿ ಹಿಡಿದಿಟ್ಟ ಸಂದೇಶಕ್ಕೆ ಹೊಂದುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ಪರೀಕ್ಷಿಸುತ್ತಾ ಹೋಗುತ್ತಾನೆ. ಹ್ಯಾಂಡ್‌ಶೇಕ್‌ಗಾಗಿ ಕಾಯುವ ತಾಳ್ಮೆಯೂ ಬೇಕಿಲ್ಲ. ‘ಸಂಪರ್ಕ ಕಡಿದುಕೋ’ ಎಂಬ ನಕಲಿ ಸಂದೇಶವನ್ನು ಕಳುಹಿಸಿದರೆ ಸಾಧನ ಕಳಚಿಕೊಂಡು ಮತ್ತೆ ಸೇರುತ್ತದೆ, ಆಗ ಹೊಸ ಹ್ಯಾಂಡ್‌ಶೇಕ್ ನಡೆಯುತ್ತದೆ. 2018ರಲ್ಲಿ ಇನ್ನೂ ಸುಲಭದ ದಾರಿ ಬಯಲಾಯಿತು: ಅನೇಕ ರೂಟರ್‌ಗಳು ತಮ್ಮ ಮೊದಲ ಸಂದೇಶದಲ್ಲೇ ಪಾಸ್‌ವರ್ಡಿನಿಂದ ಹುಟ್ಟಿದ ‘ಪಿಎಂಕೆಐಡಿ’ ಎಂಬ ಮೌಲ್ಯವನ್ನು ಕಳುಹಿಸುತ್ತವೆ, ಆದ್ದರಿಂದ ಜಾಲಕ್ಕೆ ಸೇರಿದ ಯಾವ ಸಾಧನವೂ ಇಲ್ಲದಿದ್ದರೂ ಊಹೆಗೆ ಬೇಕಾದ ಸಾಮಗ್ರಿ ಸಿಕ್ಕಿಬಿಡುತ್ತದೆ.

ಊಹೆಯನ್ನು ನಿಧಾನಗೊಳಿಸಲು ಡಬ್ಲ್ಯುಪಿಎ2 ಪಾಸ್‌ವರ್ಡನ್ನು 4,096 ಬಾರಿ ಅರೆದು, ಜಾಲದ ಹೆಸರನ್ನೂ ಬೆರೆಸಿ, 256 ಬಿಟ್‌ಗಳ ಕೀಲಿಯಾಗಿ ಮಾಡುತ್ತದೆ. ರೂಟರ್ ಕಂಪನಿ ಇಟ್ಟ ಹೆಸರನ್ನೇ ಉಳಿಸಿಕೊಂಡ ಜಾಲಗಳಿಗೆ ಮುಂಚಿತವಾಗಿಯೇ ಲೆಕ್ಕ ಮಾಡಿಟ್ಟ ಕೋಷ್ಟಕಗಳು ಉಪಯೋಗಕ್ಕೆ ಬರುತ್ತವೆ ಎಂಬ ಕಾರಣಕ್ಕಾದರೂ ಹೆಸರನ್ನು ಬದಲಾಯಿಸುವುದು ಒಳ್ಳೆಯದು. 2004ರಲ್ಲಿ 4,096 ಸುತ್ತುಗಳು ಸಾಕಷ್ಟು ಭಾರವೇ ಆಗಿದ್ದವು. ಇಂದಿನ ಒಂದೇ ಒಂದು ಬಲವಾದ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆಗಳನ್ನು ಮುಗಿಸುತ್ತದೆ.

ಹಾಗಾದರೆ ಪಾಸ್‌ವರ್ಡ್ ಎಷ್ಟು ಉದ್ದವಿರಬೇಕು?

ನಿಯಮದ ಪ್ರಕಾರ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಆದರೆ 8 ಎಂಬುದು ಕನಿಷ್ಠ ಮಿತಿಯೇ ಹೊರತು ಸಲಹೆಯಲ್ಲ. ಸೆಕೆಂಡಿಗೆ 10 ಲಕ್ಷ ಊಹೆಗಳೆಂಬ ಲೆಕ್ಕದಲ್ಲಿ 8 ಅಂಕಿಗಳ ಪಾಸ್‌ವರ್ಡ್, ಅಂದರೆ ಜನ್ಮದಿನಾಂಕದಂಥದ್ದು, ಎರಡು ನಿಮಿಷದೊಳಗೆ ಸಿಗುತ್ತದೆ. 10 ಅಂಕಿಗಳ ಫೋನ್ ಸಂಖ್ಯೆಗೆ ಮೂರು ಗಂಟೆಯೂ ಬೇಡ. ಯಾದೃಚ್ಛಿಕವಾಗಿ ಆರಿಸಿದ 8 ಸಣ್ಣ ಇಂಗ್ಲಿಷ್ ಅಕ್ಷರಗಳಿಗೆ ಎರಡೂವರೆ ದಿನ. ಅದೇ ರೀತಿಯ 12 ಅಕ್ಷರಗಳಾದರೆ ಎಲ್ಲ ಸಾಧ್ಯತೆಗಳನ್ನೂ ಮುಗಿಸಲು ಸುಮಾರು 3,000 ವರ್ಷ. ಈ ಕೊನೆಯ ಜಿಗಿತವನ್ನು ಗಮನಿಸಿ: ವಿಶೇಷ ಚಿಹ್ನೆಗಳ ಸರ್ಕಸ್ಸಿಗಿಂತ ಉದ್ದವೇ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಅಕ್ಷರಗಳು ನಿಜವಾಗಿಯೂ ಯಾದೃಚ್ಛಿಕವಾಗಿರಬೇಕು. ಒಂದು ಹೆಸರಿನ ಮುಂದೆ ಒಂದು ಇಸವಿಯನ್ನು ಸೇರಿಸಿದ ಪಾಸ್‌ವರ್ಡ್ ಎಷ್ಟೇ ಉದ್ದವಾಗಿ ಕಂಡರೂ ಊಹೆಯ ಪಟ್ಟಿಗಳಲ್ಲಿ ಅದು ಮೊದಲಿಗೇ ಇರುತ್ತದೆ. ಸಂಬಂಧವಿಲ್ಲದ ಐದಾರು ಪದಗಳನ್ನು ಕಣ್ಣು ಮುಚ್ಚಿ ಆರಿಸಿ ಜೋಡಿಸಿದರೆ ನೆನಪಿಡುವುದೂ ಸುಲಭ.

2017ರಲ್ಲಿ ಸುದ್ದಿಯಾದ ಕ್ರ್ಯಾಕ್ ದಾಳಿ ಡಬ್ಲ್ಯುಪಿಎ2 ಅನ್ನು ಮುಗಿಸಿಬಿಡಲಿಲ್ಲವೇ?

ಮುಗಿಸಲಿಲ್ಲ, ಅಲುಗಾಡಿಸಿತು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮ್ಯಾಥಿ ವಾನ್‌ಹೋಫ್ ಮತ್ತು ಫ್ರಾಂಕ್ ಪೀಸೆನ್ಸ್ 2017ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಈ ದಾಳಿ ನಾಲ್ಕು ಹಂತದ ಹ್ಯಾಂಡ್‌ಶೇಕ್‌ನ ಮೂರನೆಯ ಸಂದೇಶಕ್ಕೆ ಸಂಬಂಧಿಸಿದ್ದು. ಆ ಸಂದೇಶ ದಾರಿಯಲ್ಲಿ ಕಳೆದುಹೋಗಿರಬಹುದೆಂಬ ಕಾರಣಕ್ಕೆ ರೂಟರ್ ಅದನ್ನು ಮತ್ತೆ ಕಳುಹಿಸಬಹುದು. ಅದು ಎರಡನೆಯ ಬಾರಿ ಬಂದಾಗ ಸಾಧನ ಅದೇ ಕೀಲಿಯನ್ನು ಮತ್ತೆ ಅಳವಡಿಸಿಕೊಂಡು ಪ್ಯಾಕೆಟ್‌ಗಳ ಎಣಿಕೆಯನ್ನು ಮೊದಲಿನಿಂದ ಆರಂಭಿಸುತ್ತಿತ್ತು. ಪರಿಣಾಮವಾಗಿ, ಒಂದೇ ಕೀಲಿ ಮತ್ತು ಒಂದೇ ಎಣಿಕೆಯಿಂದ ಎರಡು ಬೇರೆ ಪ್ಯಾಕೆಟ್‌ಗಳು ಮುಚ್ಚಲ್ಪಡುತ್ತಿದ್ದವು. ವೆಪ್ ಯಾವ ನಿಯಮವನ್ನು ಮುರಿದು ಕೆಟ್ಟಿತೋ ಅದೇ ನಿಯಮ ಇಲ್ಲಿಯೂ ಮುರಿಯುತ್ತಿತ್ತು. ಆಂಡ್ರಾಯ್ಡ್ 6.0 ಮತ್ತು ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಂತೂ ಪೂರ್ತಿ ಸೊನ್ನೆಗಳೇ ಇರುವ ಕೀಲಿ ಅಳವಡುತ್ತಿತ್ತು.

ಈ ದಾಳಿಯಿಂದ ಪಾಸ್‌ವರ್ಡ್ ಬಯಲಾಗುತ್ತಿರಲಿಲ್ಲ, ಮತ್ತು ಮಾನದಂಡವನ್ನು ಬದಲಿಸದೆಯೇ ತಂತ್ರಾಂಶದ ಪರಿಷ್ಕರಣೆಯಿಂದ ಅದನ್ನು ಸರಿಪಡಿಸಬಹುದಾಗಿತ್ತು. ಪರಿಷ್ಕರಣೆ ಮುಖ್ಯವಾಗಿ ಬೇಕಾಗಿದ್ದದ್ದು ರೂಟರ್‌ಗಿಂತ ಹೆಚ್ಚಾಗಿ ಫೋನು, ಲ್ಯಾಪ್‌ಟಾಪು ಮುಂತಾದ ಸೇರುವ ಸಾಧನಗಳಿಗೆ. ಪರಿಷ್ಕರಣೆ ಬರುವುದೇ ನಿಂತುಹೋದ ಹಳೆಯ ಫೋನುಗಳಲ್ಲಿ ಈ ದೋಷ ಇಂದಿಗೂ ಇರುತ್ತದೆ.

ಡಬ್ಲ್ಯುಪಿಎ3ರಲ್ಲಿ ಗೂಢಲಿಪಿ ಇನ್ನೂ ಬಲವಾಗಿದೆಯೇ?

ಇದು ಸಾಮಾನ್ಯ ತಪ್ಪು ಕಲ್ಪನೆ. 2018ರ ಜೂನ್‌ನಲ್ಲಿ ಬಂದ ಡಬ್ಲ್ಯುಪಿಎ3 ಪರ್ಸನಲ್‌ನಲ್ಲಿಯೂ ಮಾಹಿತಿಯನ್ನು ಮುಚ್ಚುವುದು ಮೂಲತಃ ಅದೇ 128 ಬಿಟ್ ಎಇಎಸ್. ಬದಲಾದದ್ದು ಕೀಲಿಯನ್ನು ಒಪ್ಪಂದ ಮಾಡಿಕೊಳ್ಳುವ ವಿಧಾನ. ಡಬ್ಲ್ಯುಪಿಎ2ರ ಹ್ಯಾಂಡ್‌ಶೇಕ್‌ಗೆ ಮೊದಲು ‘ಎಸ್‌ಎಇ’ ಎಂಬ ಹೊಸ ವಿನಿಮಯವನ್ನು ಸೇರಿಸಲಾಗಿದೆ; ಇದು ಡ್ಯಾನ್ ಹಾರ್ಕಿನ್ಸ್ ರೂಪಿಸಿದ ‘ಡ್ರ್ಯಾಗನ್‌ಫ್ಲೈ’ ಎಂಬ ಪ್ರೋಟೊಕಾಲಿನ ಒಂದು ರೂಪ.

ಎಸ್‌ಎಇಯ ಹೆಚ್ಚುಗಾರಿಕೆಯಿರುವುದು ಎರಡು ವಿಷಯಗಳಲ್ಲಿ. ಮೊದಲನೆಯದು, ವಿನಿಮಯವನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಂಡರೂ ಅದರಿಂದ ಪಾಸ್‌ವರ್ಡನ್ನು ಎಲ್ಲೋ ಕುಳಿತು ಪರೀಕ್ಷಿಸಲು ಆಗುವುದಿಲ್ಲ. ಪ್ರತಿ ಊಹೆಗೂ ದಾಳಿಕೋರ ರೂಟರ್‌ನೊಂದಿಗೆ ಹೊಸದಾಗಿ ಮಾತಿಗಿಳಿಯಬೇಕು. ಸೆಕೆಂಡಿಗೆ 10 ಲಕ್ಷ ಊಹೆಗಳ ಲೆಕ್ಕ ಅಲ್ಲಿಗೆ ಮುಗಿಯಿತು. ಎರಡನೆಯದು, ಪ್ರತಿ ಸಂಪರ್ಕದ ಕೀಲಿಯೂ ಅಂದಂದಿಗೆ ಹುಟ್ಟಿ ಅಳಿಯುವುದರಿಂದ, ಇಂದು ಹಿಡಿದಿಟ್ಟ ಮಾಹಿತಿಯನ್ನು ಮುಂದೆಂದೋ ಪಾಸ್‌ವರ್ಡ್ ಸಿಕ್ಕಾಗ ತೆರೆಯಲಾಗುವುದಿಲ್ಲ. ಡಬ್ಲ್ಯುಪಿಎ2ರಲ್ಲಿ ಈ ರಕ್ಷಣೆಯಿಲ್ಲ: ಅಲ್ಲಿ ಪಾಸ್‌ವರ್ಡ್ ಬಲ್ಲ ಯಾರೇ ಆದರೂ, ಅಂದರೆ ಒಮ್ಮೆ ಬಂದುಹೋದ ಅತಿಥಿಯೂ, ನಿಮ್ಮ ಹ್ಯಾಂಡ್‌ಶೇಕನ್ನು ಹಿಡಿದಿದ್ದರೆ ನಿಮ್ಮ ಪ್ಯಾಕೆಟ್‌ಗಳನ್ನು ಬಿಡಿಸಿ ಓದಬಹುದು. ನನ್ನ ಅಭಿಪ್ರಾಯದಲ್ಲಿ ಡಬ್ಲ್ಯುಪಿಎ3ಕ್ಕೆ ಬದಲಾಗಲು ಈ ಎರಡನೆಯ ಕಾರಣವೇ ಹೆಚ್ಚು ಬಲವಾದದ್ದು, ಏಕೆಂದರೆ ಮೊದಲನೆಯ ತೊಂದರೆಯನ್ನು ಉದ್ದದ ಪಾಸ್‌ವರ್ಡಿನಿಂದ ತಡೆಯಬಹುದು, ಇದನ್ನು ತಡೆಯಲಾಗದು.

ಇವುಗಳ ಜೊತೆಗೆ ನಿರ್ವಹಣಾ ಸಂದೇಶಗಳ ರಕ್ಷಣೆ ಡಬ್ಲ್ಯುಪಿಎ3ರಲ್ಲಿ ಕಡ್ಡಾಯ. 2009ರಲ್ಲೇ 802.11ಡಬ್ಲ್ಯು ಎಂಬ ತಿದ್ದುಪಡಿಯಾಗಿ ಬಂದ ಇದು ಡಬ್ಲ್ಯುಪಿಎ2ರಲ್ಲಿ ಐಚ್ಛಿಕವಾಗಿದ್ದುದರಿಂದ ಬಹುತೇಕ ಕಡೆ ನಿದ್ರಿಸುತ್ತಿತ್ತು. ಮೇಲೆ ಹೇಳಿದ ‘ಸಂಪರ್ಕ ಕಡಿದುಕೋ’ ಎಂಬ ನಕಲಿ ಆಜ್ಞೆ ಈ ರಕ್ಷಣೆಯಿರುವಲ್ಲಿ ನಡೆಯುವುದಿಲ್ಲ.

ಡಬ್ಲ್ಯುಪಿಎ3ರಲ್ಲೂ ದೋಷಗಳು ಸಿಕ್ಕಿವೆಯಲ್ಲ?

ಸಿಕ್ಕಿವೆ. 2019ರ ಏಪ್ರಿಲ್‌ನಲ್ಲಿ ಮ್ಯಾಥಿ ವಾನ್‌ಹೋಫ್ ಮತ್ತು ಇಯಾಲ್ ರೋನೆನ್ ‘ಡ್ರ್ಯಾಗನ್‌ಬ್ಲಡ್’ ಎಂಬ ಹೆಸರಿನಲ್ಲಿ ಹಲವು ದೋಷಗಳನ್ನು ಪ್ರಕಟಿಸಿದರು. ಪಾಸ್‌ವರ್ಡನ್ನು ಗಣಿತದ ಒಂದು ಬಿಂದುವಾಗಿ ಪರಿವರ್ತಿಸುವ ಹಂತಕ್ಕೆ ತಗಲುವ ಸಮಯ ಪಾಸ್‌ವರ್ಡಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತಿತ್ತು. ಆ ವ್ಯತ್ಯಾಸವನ್ನು ಅಳೆದರೆ ಯಾವ ಊಹೆಗಳು ಸಾಧ್ಯವೇ ಇಲ್ಲ ಎಂಬುದು ತಿಳಿಯುತ್ತಿತ್ತು. ಇದಕ್ಕೆ ಪರಿಹಾರವಾಗಿ ಎಲ್ಲ ಪಾಸ್‌ವರ್ಡ್‌ಗಳಿಗೂ ಒಂದೇ ಕ್ರಮದಲ್ಲಿ ನಡೆಯುವ ಹೊಸ ಲೆಕ್ಕವನ್ನು ಮಾನದಂಡಕ್ಕೆ ಸೇರಿಸಲಾಯಿತು. ಪರಿಷ್ಕರಣೆ ಪಡೆದ ಸಾಧನಗಳಲ್ಲಿ ಇದರ ಬಗ್ಗೆ ಆತಂಕ ಬೇಕಿಲ್ಲ.

ಮಿಶ್ರ ಆಯ್ಕೆಯಲ್ಲಿ ಡಬ್ಲ್ಯುಪಿಎ3ರ ಪೂರ್ತಿ ಲಾಭ ಸಿಗುತ್ತದೆಯೇ?

ಸಿಗುವುದಿಲ್ಲ. ಮಿಶ್ರ ಜಾಲದಲ್ಲಿ ಹಳೆಯ ಮತ್ತು ಹೊಸ ಎರಡೂ ವಿಧಾನಗಳಿಗೆ ಪಾಸ್‌ವರ್ಡ್ ಒಂದೇ. ದಾಳಿಕೋರ ನಿಮ್ಮ ಜಾಲದ ಹೆಸರನ್ನೇ ಇಟ್ಟು, ಡಬ್ಲ್ಯುಪಿಎ2 ಮಾತ್ರ ಇರುವ ನಕಲಿ ಜಾಲವನ್ನು ಹತ್ತಿರದಲ್ಲಿ ತೆರೆದರೆ, ಹೊಸ ವಿಧಾನ ಬಲ್ಲ ಫೋನ್ ಕೂಡ ಹಳೆಯ ಹ್ಯಾಂಡ್‌ಶೇಕ್‌ಗೆ ಮುಂದಾಗಬಹುದು. ಅದರ ಮೊದಲೆರಡು ಸಂದೇಶಗಳೇ ಊಹೆಯ ದಾಳಿಗೆ ಸಾಕು. ಹಾಗೆ ಸಿಕ್ಕ ಪಾಸ್‌ವರ್ಡ್ ಡಬ್ಲ್ಯುಪಿಎ3 ಕಡೆಗೂ ಸಲ್ಲುತ್ತದೆ. ಆದ್ದರಿಂದಲೇ ಮಿಶ್ರ ಆಯ್ಕೆಯಲ್ಲಿ ಪಾಸ್‌ವರ್ಡ್ ಡಬ್ಲ್ಯುಪಿಎ2ರ ಅಳತೆಗೆ ತಕ್ಕಷ್ಟು ಉದ್ದವಾಗಿರಬೇಕು. ಇನ್ನೂ ಮೇಲಾದ ಉಪಾಯವೆಂದರೆ, ರೂಟರ್‌ನಲ್ಲಿ ಅವಕಾಶವಿದ್ದರೆ, ಹಳೆಯ ಸಾಧನಗಳಿಗೆಂದೇ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ಡಬ್ಲ್ಯುಪಿಎ2 ಜಾಲವೊಂದನ್ನು ತೆರೆದು, ಮುಖ್ಯ ಜಾಲವನ್ನು ಡಬ್ಲ್ಯುಪಿಎ3ಕ್ಕೆ ಮಾತ್ರ ಮೀಸಲಿಡುವುದು.

ಪರ್ಸನಲ್ ಮತ್ತು ಎಂಟರ್‌ಪ್ರೈಸ್ ಎಂಬ ಎರಡು ಬಗೆಗಳ ನಡುವೆ ವ್ಯತ್ಯಾಸವೇನು?

ಪರ್ಸನಲ್‌ನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಒಬ್ಬರು ಸಂಸ್ಥೆಯನ್ನು ಬಿಟ್ಟರೆ ಎಲ್ಲರ ಪಾಸ್‌ವರ್ಡನ್ನೂ ಬದಲಿಸಬೇಕು. ಹತ್ತಾರು ಜನರಿರುವಲ್ಲಿ ಇದು ನಡೆಯದ ಮಾತು. ಎಂಟರ್‌ಪ್ರೈಸ್‌ನಲ್ಲಿ 802.1ಎಕ್ಸ್ ಎಂಬ ವ್ಯವಸ್ಥೆಯ ಮೂಲಕ ಪ್ರತಿಯೊಬ್ಬರಿಗೂ ಪ್ರತ್ಯೇಕ ಗುರುತು ಇರುತ್ತದೆ, ಮತ್ತು ಅದನ್ನು ರೂಟರ್‌ನ ಹಿಂದಿರುವ ರೇಡಿಯಸ್ ಸರ್ವರ್ ಪರೀಕ್ಷಿಸುತ್ತದೆ. ಒಬ್ಬರ ಪ್ರವೇಶವನ್ನು ರದ್ದುಗೊಳಿಸಿದರೆ ಉಳಿದವರಿಗೆ ಅದರ ಅರಿವೇ ಆಗುವುದಿಲ್ಲ.

ಆದರೆ ಎಂಟರ್‌ಪ್ರೈಸ್ ಎಂಬ ಹೆಸರೇ ರಕ್ಷಣೆಯಲ್ಲ. ಅದರೊಳಗೆ ಹಲವು ವಿಧಾನಗಳಿವೆ. ಎರಡೂ ಕಡೆಯವರು ಡಿಜಿಟಲ್ ಪ್ರಮಾಣಪತ್ರಗಳನ್ನು ತೋರಿಸಿಕೊಳ್ಳುವ ಇಎಪಿ-ಟಿಎಲ್‌ಎಸ್ ಅತ್ಯಂತ ಗಟ್ಟಿಯಾದದ್ದು, ನಿರ್ವಹಣೆಗೆ ಅತ್ಯಂತ ಭಾರವಾದದ್ದೂ ಅದೇ. ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪೀಪ್ ವಿಧಾನ ಹೆಚ್ಚು ಜನಪ್ರಿಯ, ಆದರೆ ಅದರಲ್ಲಿ ಫೋನ್ ಸರ್ವರ್‌ನ ಪ್ರಮಾಣಪತ್ರವನ್ನು ಪರೀಕ್ಷಿಸದೆ ಮುಂದುವರಿದರೆ ನಕಲಿ ಜಾಲದ ಬಲೆಗೆ ಬೀಳುವುದು ಖಚಿತ. ಅದರೊಳಗೆ ಸಾಮಾನ್ಯವಾಗಿ ಬಳಸುವ ಎಂಎಸ್‌ಚಾಪ್ ಆವೃತ್ತಿ 2 ಎಂಬ ವಿಧಾನವನ್ನು ಭೇದಿಸುವ ಸುಲಭ ಮಾರ್ಗ 2012ರಿಂದಲೇ ಬಹಿರಂಗವಾಗಿದೆ. ‘ಪ್ರಮಾಣಪತ್ರವನ್ನು ಪರೀಕ್ಷಿಸಬೇಡ’ ಎಂದು ಗುರುತು ಮಾಡಿ ಮುಂದುವರಿಯಿರಿ ಎಂಬ ಸೂಚನಾ ಪತ್ರಗಳನ್ನು ಸಂಸ್ಥೆಗಳು ಹಂಚುವುದುಂಟು. ಅಂಥ ಸೂಚನೆ ಕೊಡುವುದಕ್ಕಿಂತ ಉದ್ದದ ಪಾಸ್‌ವರ್ಡಿರುವ ಪರ್ಸನಲ್ ಜಾಲವೇ ಲೇಸು.

ಡಬ್ಲ್ಯುಪಿಎ3 ಎಂಟರ್‌ಪ್ರೈಸ್‌ನಲ್ಲಿ 192 ಬಿಟ್ ಎಂಬ ಐಚ್ಛಿಕ ಬಗೆಯೊಂದಿದೆ. ಅದರಲ್ಲಿ ಗೂಢಲಿಪಿಯ ಕೀಲಿ 256 ಬಿಟ್. 192 ಎಂಬುದು ಇಡೀ ವ್ಯವಸ್ಥೆಯ ಒಟ್ಟು ಬಲದ ಅಳತೆ. ಸರ್ಕಾರ, ರಕ್ಷಣೆ, ಹಣಕಾಸು ಕ್ಷೇತ್ರಗಳನ್ನು ಗಮನದಲ್ಲಿಟ್ಟು ಮಾಡಿದ್ದು ಅದು.

ಪಾಸ್‌ವರ್ಡ್ ಇಲ್ಲದ ಸಾರ್ವಜನಿಕ ವೈಫೈಗೆ ಏನಾದರೂ ರಕ್ಷಣೆ ಇದೆಯೇ?

ಹಳೆಯ ಬಗೆಯ ತೆರೆದ ಜಾಲದಲ್ಲಿ ಯಾವ ಗೂಢಲಿಪಿಯೂ ಇಲ್ಲ. 2018ರಲ್ಲಿ ಬಂದ ‘ಎನ್‌ಹಾನ್ಸ್‌ಡ್ ಓಪನ್’ ಎಂಬ ವ್ಯವಸ್ಥೆ ಪಾಸ್‌ವರ್ಡ್ ಕೇಳದೆಯೇ ಪ್ರತಿ ಸಾಧನದೊಂದಿಗೂ ಪ್ರತ್ಯೇಕ ಕೀಲಿಯನ್ನು ಒಪ್ಪಂದ ಮಾಡಿಕೊಳ್ಳುತ್ತದೆ. ಸುಮ್ಮನೆ ಕದ್ದು ಕೇಳುವವರಿಂದ ಇದು ಕಾಪಾಡುತ್ತದೆ. ಆದರೆ ಎದುರಿಗಿರುವ ಜಾಲ ನಿಜವಾದದ್ದೇ ಎಂಬ ಖಾತರಿ ಕೊಡುವುದಿಲ್ಲ.

ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸಾಧನವನ್ನು ಸೇರಿಸುವ ಡಬ್ಲ್ಯುಪಿಎಸ್ ಸುರಕ್ಷಿತವೇ?

ಅದರ ಪಿನ್ ವಿಧಾನ ಸುರಕ್ಷಿತವಲ್ಲ, ಅದನ್ನು ನಿಷ್ಕ್ರಿಯಗೊಳಿಸಿಡಿ. 8 ಅಂಕಿಗಳ ಪಿನ್ ಎಂದರೆ 10 ಕೋಟಿ ಸಾಧ್ಯತೆಗಳಿರಬೇಕು. ಆದರೆ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕಕ್ಕೆ ಸಿಗುವಂಥದ್ದು; ಅದಕ್ಕಿಂತ ಕೆಟ್ಟದ್ದೆಂದರೆ, ರೂಟರ್ ಮೊದಲ ನಾಲ್ಕು ಅಂಕಿಗಳು ಸರಿಯೇ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಿಬಿಡುತ್ತದೆ. ಹಾಗಾಗಿ ಮೊದಲ ಭಾಗಕ್ಕೆ 10,000, ಎರಡನೆಯ ಭಾಗಕ್ಕೆ 1,000, ಒಟ್ಟು 11,000 ಪ್ರಯತ್ನಗಳಲ್ಲಿ ಪಿನ್ ಸಿಗುತ್ತದೆ, ಅದರ ಹಿಂದೆಯೇ ಪಾಸ್‌ವರ್ಡ್ ಸಿಗುತ್ತದೆ. ಸ್ಟೆಫಾನ್ ವೀಬೋಕ್ 2011ರ ಡಿಸೆಂಬರ್‌ನಲ್ಲಿ ಇದನ್ನು ಬಹಿರಂಗಪಡಿಸಿದರು. 60 ಅಕ್ಷರಗಳ ಪಾಸ್‌ವರ್ಡ್ ಇಟ್ಟು ಡಬ್ಲ್ಯುಪಿಎಸ್ ಪಿನ್ ಅನ್ನು ಹಾಗೆಯೇ ಬಿಟ್ಟಿದ್ದರೆ ಆ 60 ಅಕ್ಷರಗಳು ವ್ಯರ್ಥ.

ಜಾಲದ ಹೆಸರನ್ನು ಅಡಗಿಸುವುದು, ಮ್ಯಾಕ್ ವಿಳಾಸಗಳನ್ನು (ಸಾಧನಗಳ ಗುರುತಿನ ಸಂಖ್ಯೆಗಳನ್ನು) ಸೋಸುವುದು ಉಪಯುಕ್ತವೇ?

ಎರಡೂ ಭದ್ರತೆಯಲ್ಲ. ಅಡಗಿಸಿದ ಹೆಸರು ಸಾಧನ ಸೇರುವಾಗ ಹೊರಬೀಳುತ್ತದೆ. ಮೇಲಾಗಿ ನಿಮ್ಮ ಫೋನ್ ಹೋದಲ್ಲೆಲ್ಲ ಆ ಹೆಸರನ್ನು ಕೂಗಿ ಹುಡುಕುತ್ತಾ ಅಲೆಯುತ್ತದೆ. ಮ್ಯಾಕ್ ವಿಳಾಸ ಪ್ರತಿ ಪ್ಯಾಕೆಟ್ಟಿನಲ್ಲೂ ಬಯಲಾಗಿಯೇ ಇರುತ್ತದೆ, ಅದನ್ನು ನಕಲು ಮಾಡುವುದು ಕ್ಷಣದ ಕೆಲಸ.

ಬಲವಾದ ಪ್ರೋಟೊಕಾಲ್ ಆರಿಸಿದರೆ ವೇಗ ಕುಗ್ಗುತ್ತದೆಯೇ?

ವಾಸ್ತವ ಇದಕ್ಕೆ ತಿರುಗುಮುರುಗು. ಎಇಎಸ್ ಲೆಕ್ಕವನ್ನು ಚಿಪ್ಪಿನಲ್ಲೇ ಪ್ರತ್ಯೇಕ ಭಾಗ ಮಾಡುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. 802.11ಎನ್ ಮತ್ತು ಅದರ ನಂತರದ ಹೆಚ್ಚಿನ ವೇಗಗಳನ್ನು ವೆಪ್ ಅಥವಾ ಟಿಕೆಐಪಿಯೊಂದಿಗೆ ಬಳಸಲು ಮಾನದಂಡವೇ ಬಿಡುವುದಿಲ್ಲ; ಅವುಗಳನ್ನು ಆರಿಸಿದರೆ ಸಂಪರ್ಕ ಹಳೆಯ 54 ಎಂಬಿಪಿಎಸ್ ಮಿತಿಗೆ ಇಳಿಯುತ್ತದೆ. 6 ಗಿಗಾಹರ್ಟ್ಸ್ ರೇಡಿಯೊ ತರಂಗಗಳ ಪಟ್ಟಿಯಲ್ಲಂತೂ ಡಬ್ಲ್ಯುಪಿಎ2ಕ್ಕೇ ಪ್ರವೇಶವಿಲ್ಲ, ಡಬ್ಲ್ಯುಪಿಎ3 ಅಥವಾ ಎನ್‌ಹಾನ್ಸ್‌ಡ್ ಓಪನ್ ಇರಲೇಬೇಕು. ಹಳೆಯದಕ್ಕೆ ಬಾಗಿಲು ತೆರೆದಿಡದೆ ಹೊಸದನ್ನು ಆರಂಭಿಸಿದ ಉದಾಹರಣೆ ವೈಫೈ ಇತಿಹಾಸದಲ್ಲಿ ಅಪರೂಪ; 6 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅದು ಸಾಧ್ಯವಾದದ್ದು ಅಲ್ಲಿ ಹಳೆಯ ಸಾಧನಗಳೇ ಇರಲಿಲ್ಲವಾದ್ದರಿಂದ.

ಡಬ್ಲ್ಯುಪಿಎ3 ಇದ್ದ ಮೇಲೆ ಜಾಲತಾಣಗಳ ಎಚ್‌ಟಿಟಿಪಿಎಸ್ ಬೇಕೇ?

ಬೇಕು. ವೈಫೈ ಪ್ರೋಟೊಕಾಲಿನ ರಕ್ಷಣೆ ನಿಮ್ಮ ಸಾಧನದಿಂದ ರೂಟರ್‌ವರೆಗೆ ಮಾತ್ರ. ರೂಟರ್‌ನಲ್ಲಿ ಗೂಢಲಿಪಿ ಬಿಚ್ಚಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಹಾದಿಯನ್ನು ಕಾಯುವುದು ನಿಮ್ಮ ಸಾಧನಕ್ಕೂ ಜಾಲತಾಣಕ್ಕೂ ನಡುವೆ ಗೂಢಲಿಪಿ ಬಳಸುವ ಎಚ್‌ಟಿಟಿಪಿಎಸ್. 2021ರ ಮೇ ತಿಂಗಳಲ್ಲಿ ಬಯಲಾದ ‘ಫ್ರ್ಯಾಗ್‌ಅಟ್ಯಾಕ್ಸ್’ ಈ ಎರಡನೆಯ ಪದರದ ಬೆಲೆಯನ್ನು ತೋರಿಸಿತು: ಪ್ಯಾಕೆಟ್‌ಗಳನ್ನು ತುಂಡರಿಸಿ ಜೋಡಿಸುವ ಕ್ರಮದಲ್ಲಿದ್ದ ದೋಷಗಳು ವೆಪ್‌ನಿಂದ ಡಬ್ಲ್ಯುಪಿಎ3ರವರೆಗೆ ಎಲ್ಲವನ್ನೂ ತಟ್ಟಿದವು, ಅವುಗಳಲ್ಲಿ ಕೆಲವು 1997ರಿಂದಲೂ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದವು.

ನನ್ನ ಸಾಧನ ಈಗ ಯಾವ ಪ್ರೋಟೊಕಾಲ್ ಬಳಸುತ್ತಿದೆ ಎಂದು ತಿಳಿಯುವುದು ಹೇಗೆ?

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ ಸಂಪರ್ಕದಲ್ಲಿರುವ ಜಾಲದ ಹೆಸರನ್ನು ಒತ್ತಿದರೆ ‘ಸೆಕ್ಯುರಿಟಿ’ ಎಂಬ ಸಾಲಿನಲ್ಲಿ ಕಾಣುತ್ತದೆ. ವಿಂಡೋಸ್‌ನಲ್ಲಿ ಜಾಲದ ‘ಪ್ರಾಪರ್ಟೀಸ್’ ಪುಟದಲ್ಲಿ ‘ಸೆಕ್ಯುರಿಟಿ ಟೈಪ್’ ಎಂದಿರುತ್ತದೆ. ಮ್ಯಾಕ್ ಕಂಪ್ಯೂಟರಿನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿಹಿಡಿದು ಮೇಲಿನ ಪಟ್ಟಿಯ ವೈಫೈ ಚಿಹ್ನೆಯನ್ನು ಕ್ಲಿಕ್ ಮಾಡಿ. ಐಫೋನ್ ಪ್ರೋಟೊಕಾಲಿನ ಹೆಸರನ್ನು ನೇರವಾಗಿ ಹೇಳದಿದ್ದರೂ, ವೆಪ್ ಅಥವಾ ಟಿಕೆಐಪಿ ಬಳಸುವ ಜಾಲದ ಹೆಸರಿನ ಕೆಳಗೆ ‘ವೀಕ್ ಸೆಕ್ಯುರಿಟಿ’ ಎಂಬ ಎಚ್ಚರಿಕೆಯನ್ನು ತೋರಿಸುತ್ತದೆ. ಮಿಶ್ರ ಆಯ್ಕೆಯ ಜಾಲಗಳಲ್ಲಿ ಒಂದೊಂದು ಸಾಧನ ಒಂದೊಂದು ವಿಧಾನದಲ್ಲಿ ಸೇರಿರಬಹುದಾದ್ದರಿಂದ ಒಂದರಲ್ಲಿ ಮಾತ್ರ ನೋಡಿ ಸುಮ್ಮನಾಗದೆ ಪ್ರತಿಯೊಂದರಲ್ಲೂ ನೋಡಿ. ಡಬ್ಲ್ಯುಪಿಎ2ರಲ್ಲೇ ಉಳಿದ ಸಾಧನ ಯಾವುದೆಂದು ತಿಳಿದರೆ, ಅದನ್ನು ಬೇರೆ ಜಾಲಕ್ಕೆ ಸರಿಸುವುದೋ ಬದಲಿಸುವುದೋ ಎಂದು ನಿರ್ಧರಿಸಬಹುದು.